ಬ್ರೈನ್ ಹೆಮರೇಜ್ ಆದವರು ಮಂಕಾಗಿ ಕೂತರೆ ಮನೆಯವರು ಏನು ಮಾಡಬೇಕು?

ಬ್ರೈನ್ ಹೆಮರೇಜ್ ಆಗಿ ಆಸ್ಪತ್ರೆಯಿಂದ ಮನೆಗೆ ಬಂದವರ ಡಿಸ್ಚಾರ್ಜ್ ಸಮ್ಮರಿ ತೆಗೆದು ನೋಡಿ. ಯಾವ ಮಾತ್ರೆ ಎಷ್ಟು ಹೊತ್ತಿಗೆ, ಬಿಪಿ ಎಷ್ಟರೊಳಗಿರಬೇಕು, ಫಿಸಿಯೋಥೆರಪಿ ಏನೇನು, ಮತ್ತೆ ಯಾವಾಗ ತೋರಿಸಬೇಕು, ಎಲ್ಲ ಇರುತ್ತದೆ. ಮನಸ್ಸಿನ ಬಗ್ಗೆ ಒಂದು ಸಾಲೂ ಇಲ್ಲದಿರುವುದೇ ಹೆಚ್ಚು. ಆದರೆ ಕೆಲವು ವಾರ ಕಳೆಯುವಷ್ಟರಲ್ಲಿ ಎಷ್ಟೋ ಮನೆಗಳಲ್ಲಿ ಎಲ್ಲರನ್ನೂ ಕಾಡತೊಡಗುವುದು ಅದೇ. ಕೈಕಾಲಿಗೆ ಸ್ವಲ್ಪ ಸ್ವಲ್ಪ ಶಕ್ತಿ ಬರುತ್ತಿದೆ, ಮಾತೂ ಬರುತ್ತಿದೆ, ಮನುಷ್ಯ ಮಾತ್ರ ಮಂಕು. ಊಟ ಬೇಡ, ಟಿವಿ ಬೇಡ, ಫಿಸಿಯೋದವರು ಬಂದರೆ ಗೋಡೆ ಕಡೆ ತಿರುಗಿ ಮಲಗುತ್ತಾರೆ.

ಆಗ ಸುತ್ತಲಿನವರು ಆಡುವ ಮಾತು ನಿಮಗೆ ಗೊತ್ತೇ ಇದೆ. "ಸಾವಿನ ಬಾಯಿಂದ ಬಂದಿದ್ದೀರ, ಇನ್ನೇನು ಯೋಚನೆ?" "ಮನಸ್ಸು ಗಟ್ಟಿ ಮಾಡ್ಕೊಳ್ಳಿ." ಬೆನ್ನ ಹಿಂದೆ, "ಸೋಮಾರಿ ಆಗ್ಬಿಟ್ಟಿದ್ದಾರೆ." ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಅದರಿಂದ ಒಳಗಿನ ಸಂಕಟ ಒಂದಿಷ್ಟೂ ಇಳಿಯುವುದಿಲ್ಲ. ನಾನು ಹೇಳಬೇಕಾದ್ದು ಇಷ್ಟೆ: ಅವರು ಮತ್ತೆ ಮತ್ತೆ ಹೇಳುವ ಆ "ಬೇಡ"ವನ್ನು ಬಿಪಿ ನೋಡಿದ ಹಾಗೆ ನೋಡಿ. ಗಮನಿಸಿ, ಬರೆದಿಡಿ, ಡಾಕ್ಟರ ಮುಂದಿಡಿ. ಅದು ಖಿನ್ನತೆ (ಡಿಪ್ರೆಶನ್) ಇರಬಹುದು, ಅದಕ್ಕೆ ಚಿಕಿತ್ಸೆ ಇದೆ.

ಯಾಕೆ ಹೀಗಾಗುತ್ತದೆ

ರಕ್ತನಾಳ ಕಟ್ಟಿಕೊಂಡೋ ಒಡೆದೋ ಸ್ಟ್ರೋಕ್ ಆದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಯಾವುದಾದರೂ ಹಂತದಲ್ಲಿ ಖಿನ್ನತೆ ಬರುತ್ತದೆ. ಮೊದಲ ವರ್ಷದಲ್ಲೇ ಜಾಸ್ತಿ. ಸಿರೊಟೋನಿನ್, ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳು ನಮ್ಮ ಉತ್ಸಾಹ, ನಿದ್ದೆ, ಹಸಿವನ್ನೆಲ್ಲ ನೋಡಿಕೊಳ್ಳುತ್ತವೆ. ಮೆದುಳಿನ ಬುಡದಿಂದ ಮುಂಭಾಗದವರೆಗೆ ಇವುಗಳ ನರದ ಎಳೆಗಳು ಹಾದುಹೋಗಿರುತ್ತವೆ. ರಕ್ತಸ್ರಾವದಿಂದ ಆ ಎಳೆಗಳಿಗೂ ಪೆಟ್ಟು ಬೀಳಬಹುದು. ಇದರ ಮೇಲೆ, ನಿನ್ನೆಯವರೆಗೆ ಸ್ಕೂಟರ್ ಓಡಿಸಿಕೊಂಡು ಓಡಾಡಿದವರು ಇವತ್ತು ಬಚ್ಚಲಿಗೆ ಹೋಗಲೂ ಇನ್ನೊಬ್ಬರ ಭುಜ ಹಿಡಿಯಬೇಕು. ಹಿಂದೆ ಒಮ್ಮೆ ಖಿನ್ನತೆ ಬಂದಿದ್ದವರಿಗೆ, ಮಾತು ನಿಂತವರಿಗೆ, ಒಂಟಿಯಾಗಿ ಇರುವವರಿಗೆ ಅಪಾಯ ಇನ್ನೂ ಹೆಚ್ಚು.

"ಕೈಕಾಲು ಮೊದಲು ಸರಿಹೋಗಲಿ, ಮನಸ್ಸು ಆಮೇಲೆ ನೋಡೋಣ" ಅನ್ನುವುದು ಸರಿಯಲ್ಲ. ಕೈಕಾಲು ವೇಗವಾಗಿ ಸುಧಾರಿಸುವುದು ಮೊದಲ ಕೆಲವು ತಿಂಗಳಲ್ಲೇ. ಖಿನ್ನತೆಯಲ್ಲಿರುವವರು ಆ ತಿಂಗಳುಗಳಲ್ಲೇ ವ್ಯಾಯಾಮ ಬಿಡುತ್ತಾರೆ. ಅದಕ್ಕಿಂತ ದೊಡ್ಡ ಅಪಾಯ, "ಯಾಕೆ ಬದುಕಬೇಕು" ಅನ್ನಿಸಿದವರು ಬಿಪಿ ಮಾತ್ರೆಯನ್ನೂ ಬಿಟ್ಟುಬಿಡುತ್ತಾರೆ. ಮೆದುಳಿನ ರಕ್ತಸ್ರಾವಕ್ಕೆ ಅತಿ ದೊಡ್ಡ ಕಾರಣವೇ ಬಿಪಿ, ಅಲ್ವಾ? ಹಾಗಾಗಿ ಮನಸ್ಸಿಗೆ ಕೊಡಿಸುವ ಚಿಕಿತ್ಸೆ ಇನ್ನೊಂದು ರಕ್ತಸ್ರಾವ ತಡೆಯುವ ಕೆಲಸವೂ ಹೌದು.

ಮೊದಲು ತುರ್ತು ಏನೂ ಇಲ್ಲ ಅಂತ ಖಚಿತ ಮಾಡಿಕೊಳ್ಳಿ

ಎಲ್ಲ ಮಂಕೂ ಖಿನ್ನತೆಯಲ್ಲ. ಇದ್ದಕ್ಕಿದ್ದ ಹಾಗೆ ಜೋರು ತಲೆನೋವು, ವಾಂತಿ, ಎಬ್ಬಿಸಿದರೂ ಏಳದಷ್ಟು ಮಂಪರು, ಫಿಟ್ಸ್, ಮುಖ ಸೊಟ್ಟಗಾಗುವುದು, ಮಾತು ತೊದಲುವುದು, ಒಂದು ಕಡೆಯ ಕೈಕಾಲು ಹೊಸದಾಗಿ ಬೀಳುವುದು, ಇವುಗಳಲ್ಲಿ ಒಂದು ಕಂಡರೂ ಯೋಚನೆ ಮಾಡುತ್ತ ಕೂರಬೇಡಿ. ತಕ್ಷಣ 108ಕ್ಕೆ ಫೋನ್ ಮಾಡಿ ಅಥವಾ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೊರಡಿ.

ನಿಧಾನವಾಗಿ ಬರುವ ತೊಂದರೆಗಳೂ ಇವೆ. ದಿನದಿಂದ ದಿನಕ್ಕೆ ನಡಿಗೆ ಕುಂಟುತ್ತಿದೆ, ಗೊತ್ತಾಗದೆ ಮೂತ್ರ ಹೋಗುತ್ತಿದೆ, ಜೊತೆಗೆ ಮಂಕು ಅಂತಾದರೆ ಮೆದುಳಿನೊಳಗೆ ನೀರು ತುಂಬಿಕೊಳ್ಳುತ್ತಿರಬಹುದು. ಅದಕ್ಕೆ ಸ್ಕ್ಯಾನ್ ಬೇಕು. ರಕ್ತದಲ್ಲಿ ಸೋಡಿಯಂ ಇಳಿದರೂ ಮನುಷ್ಯ ಮಂಕಾಗಿ ಗೊಂದಲಕ್ಕೆ ಬೀಳುತ್ತಾನೆ. ಥೈರಾಯ್ಡ್ ಮತ್ತು ಬಿ12 ಕೊರತೆ ಕೂಡ ಖಿನ್ನತೆಯ ಹಾಗೇ ಕಾಣುತ್ತವೆ. ಫಿಟ್ಸ್ ಬರದಿರಲಿ ಅಂತ ತುಂಬ ಜನರಿಗೆ ಕೊಡುವ ಲೆವೆಟಿರಾಸಿಟಮ್ ಮಾತ್ರೆಯಿಂದ ಕೆಲವರಿಗೆ ಸಿಡುಕು, ಕೋಪ, ಬೇಸರ ಬರುತ್ತದೆ. ಆ ಮಾತ್ರೆ ಶುರುವಾದ ಮೇಲೆ ಸ್ವಭಾವ ಬದಲಾಗಿದ್ದರೆ ನ್ಯೂರಾಲಜಿಸ್ಟಿಗೆ ಹೇಳಿ. ನೀವಾಗೇ ನಿಲ್ಲಿಸಬೇಡಿ, ತಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು.

ಎರಡು ವಾರ ಬರೆಯಿರಿ

ಬಿಪಿ ಬರೆದಿಡಲು ಮನೆಯಲ್ಲಿ ಹೇಗೂ ಒಂದು ನೋಟ್‌ಬುಕ್ ಇರುತ್ತದೆ. ಅದರಲ್ಲೇ ಇನ್ನೆರಡು ಸಾಲು ಸೇರಿಸಿ. ಹೊಸ ಪುಸ್ತಕ, ಆ್ಯಪ್ ಯಾವುದೂ ಬೇಡ. ನಿದ್ದೆ, ಊಟ, ಫಿಸಿಯೋ, ಅವರು ಆಡಿದ ಮಾತು, ಇಷ್ಟು ಸಾಕು. ಹೀಗೆ:

ಸೋಮವಾರ. ಬಿಪಿ 138/84. ರಾತ್ರಿ 3ಕ್ಕೆ ಎಚ್ಚರ, ಮತ್ತೆ ನಿದ್ದೆ ಇಲ್ಲ. ಬೆಳಗ್ಗೆ ಒಂದೇ ಇಡ್ಲಿ. ಫಿಸಿಯೋ ಬೇಡ ಅಂದರು. ಪೇಪರ್ ಮಡಿಚಿದ್ದು ಮಡಿಚಿದ ಹಾಗೇ ಇತ್ತು.

ಮಂಗಳವಾರ. ಬಿಪಿ 142/86. ಮೊಮ್ಮಗಳು ಬಂದಾಗಲೂ ಮುಖ ಅರಳಲಿಲ್ಲ. "ನಾನು ಎಲ್ಲರಿಗೂ ಭಾರ" ಅಂದರು. ಸಂಜೆ ಮತ್ತೆ ಅದೇ ಮಾತು.

ಬುಧವಾರ. ಬಿಪಿ 136/82. ಫಿಸಿಯೋ 10 ನಿಮಿಷ ಮಾಡಿದರು. ಕಾಫಿ ಕೇಳಿ ಕುಡಿದರು. ರಾತ್ರಿ 4ಕ್ಕೆ ಎಚ್ಚರ.

ಹೀಗೆ ಬರೆದರೆ ಡಾಕ್ಟರಿಗೆ ಒಂದು ನೋಟಕ್ಕೆ ಅರ್ಥವಾಗುತ್ತದೆ. ಜನ ತುಂಬಿದ ಓಪಿಡಿಯಲ್ಲಿ ನಿಮಗೆ ಸಿಗುವ ಸಮಯ ಕಡಿಮೆ. "ಮೊದಲಿನ ಹಾಗಿಲ್ಲ ಸಾರ್" ಅನ್ನುವುದಕ್ಕಿಂತ "ಎರಡು ವಾರದಲ್ಲಿ ಹೆಚ್ಚಿನ ದಿನ ನಸುಕಿಗೇ ಎಚ್ಚರ, ಊಟ ಅರ್ಧ, ಭಾರ ಅನ್ನುವ ಮಾತು ದಿನಾ" ಅಂದರೆ ಕೆಲಸ ಬೇಗ ಆಗುತ್ತದೆ.

ಎರಡು ಪ್ರಶ್ನೆಗಳನ್ನು ನೇರವಾಗಿ ಕೇಳಿ. ಈ ಎರಡು ವಾರದಲ್ಲಿ ಮನಸ್ಸು ಕುಗ್ಗಿದ ಹಾಗೆ, ಏನೂ ದಾರಿ ಇಲ್ಲ ಅನ್ನುವ ಹಾಗೆ ಎಷ್ಟು ದಿನ ಅನ್ನಿಸಿತು? ಮೊದಲು ಇಷ್ಟವಾಗುತ್ತಿದ್ದ ಕೆಲಸದಲ್ಲಿ ಎಷ್ಟು ದಿನ ಆಸಕ್ತಿಯೇ ಬರಲಿಲ್ಲ? ಹೆಚ್ಚಿನ ದಿನ ಅನ್ನುವ ಉತ್ತರ ಬಂದರೆ ಡಾಕ್ಟರ ಹತ್ತಿರ ಹೋಗಲು ಅಷ್ಟೇ ಸಾಕು. ಅಲ್ಲಿ ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಫಾರಂ ತುಂಬಿಸಬಹುದು. 27 ಅಂಕದ ಲೆಕ್ಕ. 10 ಅಥವಾ ಜಾಸ್ತಿ ಬಂದರೆ ಸರಿಯಾಗಿ ಪರೀಕ್ಷೆ ಮಾಡಲೇಬೇಕು.

ಮಾತು ಹೋದವರ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಅವರು ದುಃಖ ಹೇಳಿಕೊಳ್ಳಲಾರರು, ಹಾಗಾಗಿ ಅವರ ಖಿನ್ನತೆ ಯಾರ ಕಣ್ಣಿಗೂ ಬೀಳದೆ ಹೋಗುತ್ತದೆ. ಕಣ್ಣು ತಪ್ಪಿಸುವುದು, ತಟ್ಟೆ ತಳ್ಳುವುದು, ಸುಮ್ನೆ ಕಣ್ಣೀರು ಬರುವುದು, ರಾತ್ರಿ ಹೊರಳಾಟ, ಇವನ್ನೆಲ್ಲ ಬರೆಯಿರಿ. ನಗುವ ಮುಖ, ಅಳುವ ಮುಖದ ಚಿತ್ರ ಬರೆದು ಬೆರಳಿಟ್ಟು ತೋರಿಸಲು ಹೇಳಿ. ರೋಗಿಯ ಬದಲು ಮನೆಯವರೇ ಉತ್ತರಿಸುವಂಥ ಪ್ರಶ್ನಾವಳಿಗಳೂ ಇವೆ. ಅದನ್ನು ಸ್ಪೀಚ್ ಥೆರಪಿಸ್ಟ್ ಅಥವಾ ಸೈಕಾಲಜಿಸ್ಟ್ ಹತ್ತಿರ ಕೇಳಿ.

ಅಳು, ಜಡತನ, ಸುಸ್ತು: ಬೇರೆ ಬೇರೆ ಮಾಡಿ ನೋಡಿ

ಇಲ್ಲಿ ಮನೆಯವರು ತುಂಬ ಗೊಂದಲ ಪಡುತ್ತಾರೆ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಕೆಲವರು ಯಾರಾದರೂ "ಹೇಗಿದ್ದೀರಿ?" ಅಂದರೆ ಸಾಕು, ಬಿಕ್ಕಿ ಬಿಕ್ಕಿ ಅಳುತ್ತಾರೆ. ಎರಡು ನಿಮಿಷಕ್ಕೆ ಅಳು ನಿಂತು ಮಾಮೂಲಿನಂತೆ ಮಾತಾಡುತ್ತಾರೆ. ಕೆಲವರಿಗೆ ಹೊತ್ತಲ್ಲದ ಹೊತ್ತಿನಲ್ಲಿ ನಗು ಬರುತ್ತದೆ, ಸಾವಿನ ಸುದ್ದಿ ಕೇಳಿದಾಗಲೂ. ಇದು ಅಳು ನಗುವಿನ ಮೇಲೆ ಮೆದುಳಿಗಿರುವ ಹಿಡಿತ ಸಡಿಲವಾಗಿರುವುದರಿಂದ ಆಗುವುದು. ಒಳಗೆ ಅಷ್ಟು ದುಃಖ ಇರುವುದೇ ಇಲ್ಲ. ಅವರಿಗೇ ಇದರಿಂದ ನಾಚಿಕೆಯಾಗಿ ಜನರ ಎದುರು ಬರುವುದನ್ನೇ ಬಿಡುತ್ತಾರೆ. ಆ ಹೊತ್ತಿಗೆ ಸಮಾಧಾನ ಮಾಡಲು ಹೋಗಬೇಡಿ, ಗದರಿಸಲೂಬೇಡಿ. ನೀರು ಕೊಟ್ಟು ಬೇರೆ ಮಾತು ತೆಗೆಯಿರಿ. ಬಂದವರಿಗೂ ಮೊದಲೇ ಹೇಳಿಡಿ. ಇದಕ್ಕೂ ಮಾತ್ರೆ ಇದೆ. ಇದರ ಜೊತೆ ಖಿನ್ನತೆಯೂ ಇರಬಹುದು ಅನ್ನುವುದು ನೆನಪಿರಲಿ.

ಇನ್ನು ಕೆಲವರಿಗೆ ಬೇಸರವೂ ಇಲ್ಲ, ಅಳುವೂ ಇಲ್ಲ. "ಬೇಜಾರಾ ಅಪ್ಪಾ?" ಅಂದರೆ "ಇಲ್ಲ" ಅನ್ನುತ್ತಾರೆ, ಅದು ನಿಜವೇ. ಆದರೆ ತಾವಾಗಿ ಏನನ್ನೂ ಶುರು ಮಾಡುವುದಿಲ್ಲ. ತಟ್ಟೆ ಮುಂದಿಟ್ಟರೆ ಉಣ್ಣುತ್ತಾರೆ, ಇಡದಿದ್ದರೆ ಕೇಳುವುದಿಲ್ಲ. ಕೆಲಸ ಶುರು ಮಾಡುವ ಮೆದುಳಿನ ಭಾಗಕ್ಕೆ ಪೆಟ್ಟಾದರೆ ಹೀಗಾಗುತ್ತದೆ. ಇಂಥವರಿಗೆ ಬುದ್ಧಿಮಾತಿನಿಂದ ಪ್ರಯೋಜನವಿಲ್ಲ, ಹೊತ್ತು ಹೊತ್ತಿಗೆ ಎಬ್ಬಿಸುವ ದಿನಚರಿ ಬೇಕು. ಬರೀ ಖಿನ್ನತೆಯ ಮಾತ್ರೆ ಇಲ್ಲಿ ಅಷ್ಟಾಗಿ ಕೆಲಸ ಮಾಡದಿರಬಹುದು. ಅದಕ್ಕೇ ವ್ಯತ್ಯಾಸ ಗುರುತಿಸುವುದು ಮುಖ್ಯ.

ಸುಸ್ತು ಮೂರನೆಯದು. ಮನಸ್ಸಿದೆ, ಮೈ ಕೇಳುವುದಿಲ್ಲ. ಸ್ನಾನ ಮಾಡಿ ಬಂದರೆ ಗಂಟೆಗಟ್ಟಲೆ ಮಲಗಬೇಕು. ಸ್ಟ್ರೋಕ್ ಆದವರಲ್ಲಿ ಇದು ತುಂಬ ಸಾಮಾನ್ಯ. ಕೆಲಸಗಳ ನಡುವೆ ವಿಶ್ರಾಂತಿ ಕೊಡಿ. ಗೊರಕೆ ಜೋರಾಗಿದ್ದು ನಿದ್ದೆಯಲ್ಲಿ ಉಸಿರು ಕಟ್ಟುತ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಆ ತೊಂದರೆಯಿಂದ ಸುಸ್ತೂ ಹೆಚ್ಚುತ್ತದೆ, ಬಿಪಿಯೂ ಏರುತ್ತದೆ.

ಯಾರಿಗೆ ತೋರಿಸಬೇಕು

ಮೊದಲು ಹೆಮರೇಜ್‌ಗೆ ಚಿಕಿತ್ಸೆ ಕೊಟ್ಟ ನ್ಯೂರಾಲಜಿಸ್ಟ್ ಅಥವಾ ನ್ಯೂರೋಸರ್ಜನ್ ಹತ್ತಿರವೇ ಹೋಗಿ. ತಲೆಯೊಳಗೆ ಹೊಸ ತೊಂದರೆ ಇಲ್ಲ ಅಂತ ಅವರು ನೋಡಿದ ಮೇಲೆ ಮನೋವೈದ್ಯರು. "ಸೈಕಿಯಾಟ್ರಿಸ್ಟಾ? ನಮ್ಮವರಿಗೆ ತಲೆ ಕೆಟ್ಟಿಲ್ಲ" ಅಂತ ಮನೆಯಲ್ಲಿ ಯಾರಾದರೂ ಹೇಳೇ ಹೇಳುತ್ತಾರೆ. ಮೆದುಳಿಗೆ ಆದ ಗಾಯದ ಇನ್ನೊಂದು ಭಾಗಕ್ಕೆ ಚಿಕಿತ್ಸೆ ಅಂತ ಅವರಿಗೆ ಬಿಡಿಸಿ ಹೇಳಿ.

ಬೆಂಗಳೂರಿನಲ್ಲಿ ಇರುವವರಿಗೆ ಒಂದು ಅನುಕೂಲ ಇದೆ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ನ್ಯೂರಾಲಜಿ, ನ್ಯೂರೋಸರ್ಜರಿ, ಮನೋವೈದ್ಯ ವಿಭಾಗ, ಪುನಶ್ಚೇತನ, ಸ್ಪೀಚ್ ಥೆರಪಿ ಎಲ್ಲ ಒಂದೇ ಆವರಣದಲ್ಲಿವೆ. ನೂಕುನುಗ್ಗಲು ಇರುತ್ತದೆ, ಬೆಳಗ್ಗೆ ಬೇಗ ಹೋಗಿ. ಡಿಸ್ಚಾರ್ಜ್ ಸಮ್ಮರಿ, ಸ್ಕ್ಯಾನ್ ಫಿಲಂ ಮತ್ತು ಸಿಡಿ, ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಯ ಸ್ಟ್ರಿಪ್‌ಗಳು, ನಿಮ್ಮ ನೋಟ್‌ಬುಕ್, ಬಿಪಿಎಲ್ ಕಾರ್ಡ್ ಇದ್ದರೆ ಅದು, ಇಷ್ಟನ್ನು ಒಂದೇ ಚೀಲದಲ್ಲಿ ಹಾಕಿಕೊಳ್ಳಿ. ಕಾಯುವುದು ಜಾಸ್ತಿ ಆಗಬಹುದು, ರೋಗಿಗೆ ತಿಂಡಿ, ನೀರು, ಮಧ್ಯಾಹ್ನದ ಮಾತ್ರೆಯೂ ಇರಲಿ. ನಗರದ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲೂ ಮನೋವೈದ್ಯ ವಿಭಾಗ ಇರುತ್ತದೆ. ಚಿಕಿತ್ಸೆ ಮುಗಿಸಿ ಊರಿಗೆ ಮರಳುವವರು ತಮ್ಮ ತಾಲೂಕು ಆಸ್ಪತ್ರೆಯಲ್ಲಿ ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದ ಮಂಗಳವಾರದ ಕ್ಲಿನಿಕ್ ವಿಚಾರಿಸಲಿ.

ಮನೆಯಿಂದ ಹೊರಡುವುದೇ ಕಷ್ಟವಾದರೆ, ಲಿಫ್ಟ್ ಇಲ್ಲದ ಎರಡನೇ ಮಹಡಿಯ ಮನೆಯಾದರೆ, ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ. ನಂಬರ್ 14416. ಕರೆ ಉಚಿತ, ಹಗಲು ರಾತ್ರಿ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ರೋಗಿಯೇ ಮಾತಾಡಬೇಕು ಅಂತೇನಿಲ್ಲ, ನೋಡಿಕೊಳ್ಳುವವರೂ ಮಾತಾಡಬಹುದು.

ಮಾತ್ರೆ ಬರೆದುಕೊಟ್ಟಾಗ

ಸಾಮಾನ್ಯವಾಗಿ ಕೊಡುವುದು ಸರ್ಟ್ರಲಿನ್, ಎಸ್ಸಿಟಲೋಪ್ರಾಮ್‌ನಂಥ ಮಾತ್ರೆಗಳು. ಇವು ಚಟ ಹಿಡಿಸುವುದಿಲ್ಲ. ಗುಣ ಕಾಣಲು 2ರಿಂದ 6 ವಾರ ಬೇಕು. ಮೊದಲ ವಾರ ಹೊಟ್ಟೆ ತೊಳಸಬಹುದು, ನಿದ್ದೆ ಏರುಪೇರಾಗಬಹುದು. "ಹತ್ತು ದಿನ ನುಂಗಿದರೂ ಏನೂ ಆಗಲಿಲ್ಲ" ಅಂತ ಬಿಡಬೇಡಿ.

ಹೆಮರೇಜ್ ಆದವರ ವಿಷಯದಲ್ಲಿ ಕೇಳಲೇಬೇಕಾದ ಪ್ರಶ್ನೆಗಳಿವೆ. ಈ ಜಾತಿಯ ಮಾತ್ರೆಗಳು ರಕ್ತ ಸೋರುವ ಸಾಧ್ಯತೆಯನ್ನು ಸ್ವಲ್ಪ ಹೆಚ್ಚಿಸುತ್ತವೆ. ಆಸ್ಪಿರಿನ್ ಅಥವಾ ರಕ್ತ ತೆಳುವಾಗಿಸುವ ಮಾತ್ರೆ, ಮಂಡಿನೋವಿಗೆ ಅಂಗಡಿಯಿಂದ ತಂದ ನೋವಿನ ಮಾತ್ರೆ ಜೊತೆಗಿದ್ದರೆ ಇನ್ನೂ ಹೆಚ್ಚು. ಆದ್ದರಿಂದ "ಇವರಿಗೆ ಮೆದುಳಿನಲ್ಲಿ ರಕ್ತಸ್ರಾವ ಆಗಿತ್ತು, ಈ ಮಾತ್ರೆ ಆಗಬಹುದಾ, ನ್ಯೂರಾಲಜಿಸ್ಟ್ ಒಪ್ಪಿದ್ದಾರಾ?" ಅಂತ ಬಾಯಿಬಿಟ್ಟು ಕೇಳಿ. ಇಬ್ಬರು ಡಾಕ್ಟರಿಗೂ ಇನ್ನೊಬ್ಬರ ಚೀಟಿ ತೋರಿಸಿ. ವಯಸ್ಸಾದವರಿಗೆ ಸೋಡಿಯಂ ಇಳಿಯುವ ಅಪಾಯ ಇದೆ, ರಕ್ತ ಪರೀಕ್ಷೆ ಯಾವಾಗ ಮಾಡಿಸಬೇಕು ಅಂತ ಅದೇ ದಿನ ಬರೆಸಿಕೊಳ್ಳಿ.

ಫ್ಲುಒಕ್ಸೆಟಿನ್ ಎಂಬ ಮಾತ್ರೆ ಕೊಟ್ಟರೆ ಕೈಕಾಲು ಬೇಗ ಬರುತ್ತದೆ ಅನ್ನುವ ನಂಬಿಕೆ ಕೆಲಕಾಲ ಇತ್ತು. 2018 ಮತ್ತು 2020ರಲ್ಲಿ ಪ್ರಕಟವಾದ ಮೂರು ದೊಡ್ಡ ಅಧ್ಯಯನಗಳಲ್ಲಿ ಹಾಗಾಗಲಿಲ್ಲ. ಖಿನ್ನತೆ ಬರುವುದು ಕಡಿಮೆಯಾಯಿತು, ಆದರೆ ಮೂಳೆ ಮುರಿತ ಜಾಸ್ತಿಯಾಯಿತು. ಖಿನ್ನತೆ ಇದ್ದವರಿಗೆ ಮಾತ್ರೆ ಸರಿ, ಕೈಕಾಲಿಗಾಗಿ ಅಂತ ಎಲ್ಲರಿಗೂ ಬೇಡ. ನಿದ್ದೆ ಮಾತ್ರೆಯನ್ನಂತೂ ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತಂದು ಕೊಡಲೇಬೇಡಿ. ಬಿದ್ದರೆ ಕಷ್ಟ, ಗೊಂದಲವೂ ಹೆಚ್ಚುತ್ತದೆ. ನಾಟಿ ಔಷಧಿ ಕೊಡುತ್ತಿದ್ದರೆ ಮುಚ್ಚಿಡಬೇಡಿ.

ಕೌನ್ಸೆಲಿಂಗ್ ಕೂಡ ಅಷ್ಟೇ ಮುಖ್ಯ, ಅದರಲ್ಲೂ ಮಾತು ಬರುವವರಿಗೆ. ಕನ್ನಡದಲ್ಲಿ ಮಾತಾಡುವ ಸೈಕಾಲಜಿಸ್ಟನ್ನೇ ಕೇಳಿ ಪಡೆಯಿರಿ. ದುಃಖವನ್ನು ಯಾರೂ ಅರ್ಧಂಬರ್ಧ ಗೊತ್ತಿರುವ ಭಾಷೆಯಲ್ಲಿ ಹೇಳಿಕೊಳ್ಳಲಾರರು.

ಮನೆಯಲ್ಲಿ ದಿನ ಹೇಗಿರಬೇಕು

"ಮನಸ್ಸು ಬಂದ ಮೇಲೆ ಮಾಡುತ್ತೇನೆ" ಅಂತ ಕಾದರೆ ಆ ಮನಸ್ಸು ಬರುವುದೇ ಇಲ್ಲ. ಖಿನ್ನತೆಯಲ್ಲಿ ಕೆಲಸ ಮೊದಲು, ಮನಸ್ಸು ಅದರ ಹಿಂದೆ. ಹಾಗಾಗಿ ದಿನಕ್ಕೆ ಮೂರು ಚಿಕ್ಕ ಕೆಲಸ ಇಟ್ಟುಕೊಳ್ಳಿ: ಮೈಗೆ ಒಂದು, ಮನೆಗೆ ಉಪಯೋಗವಾಗುವಂಥದ್ದು ಒಂದು, ಅವರಿಗೆ ಹಿಡಿಸುವಂಥದ್ದು ಒಂದು. ಯಾವುದು ಅಂತ ಅವರೇ ಆರಿಸಲಿ. "ಈಗ ವಾಕಿಂಗ್ ಹೋಗೋಣವೋ, ಕಾಫಿ ಆದ ಮೇಲೋ?" ಅಂತ ಕೇಳಿ. "ವಾಕಿಂಗ್ ಬರ್ತೀರಾ?" ಅಂದರೆ ಉತ್ತರ ಬೇಡ ಅಂತಲೇ.

ಮನೆಗೆ ಉಪಯೋಗವಾಗುವ ಕೆಲಸಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ರಬ್ಬರ್ ಚೆಂಡು ಹಿಸುಕುತ್ತ ಕೂತವರಿಗೆ ತಾನು ರೋಗಿ ಅನ್ನುವುದೇ ಮತ್ತೆ ಮತ್ತೆ ನೆನಪಾಗುತ್ತದೆ. ಡಿಸೆಂಬರ್, ಜನವರಿಯಲ್ಲಿ ಬೆಂಗಳೂರಿನ ಮಾರುಕಟ್ಟೆಗಳಿಗೆ ಸೊಗಡಿನ ಅವರೆಕಾಯಿ ರಾಶಿ ರಾಶಿ ಬರುತ್ತದಲ್ಲ, ಆಗ ನೆನೆಸಿದ ಕಾಳಿನ ಬೋಗುಣಿಯನ್ನು ಅವರ ಮುಂದಿಡಿ. ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಕಾಳು ಹಿಡಿದು ಒತ್ತಬೇಕು, ಸಿಪ್ಪೆ ಬೆರಳಲ್ಲಿ ಉಳಿದು ಬೇಳೆ ಚಿಮ್ಮಿ ಪಾತ್ರೆಗೆ ಬೀಳಬೇಕು. ಸ್ಟ್ರೋಕ್ ಆದ ಕೈಗೆ ಆಕ್ಯುಪೇಷನಲ್ ಥೆರಪಿಯಲ್ಲಿ (ದಿನನಿತ್ಯದ ಕೆಲಸ ಮತ್ತೆ ಕಲಿಸುವ ಚಿಕಿತ್ಸೆ) ಮಾಡಿಸುವುದೂ ಇಂಥ ಚಿವುಟುವ ಹಿಡಿತವನ್ನೇ. ಮೊದಲು ಕಾಳು ಜಾರಿ ನೆಲಕ್ಕೆ ಹೋಗುತ್ತದೆ, ಹೋಗಲಿ. ಪಕ್ಕದಲ್ಲಿ ಇನ್ನೊಬ್ಬರು ಕೂತು ಹಿತಕುತ್ತ ಮಾತಾಡುತ್ತಿರಲಿ. ಮಧ್ಯಾಹ್ನ ಹಿತಕಿದ ಬೇಳೆ ಸಾರು ಬಡಿಸುವಾಗ "ಇವತ್ತಿನ ಬೇಳೆ ಅಪ್ಪ ಹಿತಕಿದ್ದು" ಅಂತ ಎಲ್ಲರೆದುರು ಹೇಳಿ. ನುಂಗುವ ತೊಂದರೆ ಇರುವವರಾದರೆ ಕಾಳು ಬಾಯಿಗೆ ಹಾಕಿಕೊಳ್ಳದ ಹಾಗೆ ನೋಡಿಕೊಳ್ಳಿ. ಅವರಿಗೆ ಊಟ ಯಾವ ಹದದಲ್ಲಿರಬೇಕು ಅಂತ ಸ್ಪೀಚ್ ಥೆರಪಿಸ್ಟ್ ಹೇಳುತ್ತಾರೆ. ಕಾಲ ಅದಲ್ಲದಿದ್ದರೆ ಬಟ್ಟೆ ಮಡಿಚುವುದು, ಹೂ ಬಿಡಿಸುವುದು, ಹಾಲಿನವರ ಲೆಕ್ಕ ಬರೆಯುವುದು.

ಬೆಳಗಿನ ಬಿಸಿಲಿಗೆ ಹೊರಗೆ ಕರೆದುಕೊಂಡು ಹೋಗಿ. ನಮ್ಮ ಫುಟ್‌ಪಾತ್‌ಗಳ ಮೇಲೆ ವಾಕರ್ ಹಿಡಿದು ನಡೆಸಬೇಡಿ, ಕಲ್ಲು ಎದ್ದಿರುತ್ತದೆ. ಬಡಾವಣೆಯ ಪಾರ್ಕಿನ ಒಳಗಿನ ದಾರಿ ವಾಸಿ. ನೆಂಟರು ಒಬ್ಬೊಬ್ಬರೇ ಬರಲಿ, ಸ್ವಲ್ಪ ಹೊತ್ತಿದ್ದು ಹೋಗಲಿ. ಗದ್ದಲ ಆ ಮೆದುಳಿಗೆ ಬೇಗ ಆಯಾಸ ತರುತ್ತದೆ. ಮದ್ಯ, ಸಿಗರೇಟು ಪೂರ್ತಿ ಬಂದ್.

ಸಾಯುವ ಮಾತು ಬಂದರೆ

"ದೇವರು ಆಗಲೇ ಕರ್ಕೋಬೇಕಿತ್ತು" ಅನ್ನುವ ಮಾತನ್ನು "ಹಾಗೆಲ್ಲ ಅನ್ನಬಾರದು" ಅಂತ ಮುಚ್ಚಿಹಾಕಬೇಡಿ. ಪಕ್ಕದಲ್ಲಿ ಕೂತು ಕೇಳಿ: "ಅಪ್ಪಾ, ಜೀವ ಕಳ್ಕೋಬೇಕು ಅಂತ ಅನ್ಸುತ್ತಾ? ಹೇಗೆ ಅಂತ ಯೋಚನೆ ಮಾಡಿದ್ದೀರಾ?" ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಅನ್ನುವ ಭಯ ಬೇಡ. ಕೇಳಿದಾಗ ಹೆಚ್ಚಿನವರಿಗೆ ಎದೆ ಹಗುರಾಗುತ್ತದೆ. ಹೌದು ಅಂದರೆ ಒಬ್ಬರೇ ಇರಲು ಬಿಡಬೇಡಿ, ಎಲ್ಲ ಮಾತ್ರೆ ಮತ್ತು ಇನ್ಸುಲಿನ್ ಬೀಗ ಹಾಕಿಡಿ, ಟೆರೇಸಿನ ಬಾಗಿಲು ಹಾಕಿ, ಅದೇ ದಿನ ಮನೋವೈದ್ಯರಿಗೆ ತೋರಿಸಿ. ರಾತ್ರಿಯಾದರೆ ಯಾವುದಾದರೂ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ, 14416ಕ್ಕೂ ಫೋನ್ ಮಾಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಬಂದ ಮೇಲೆ, ಜೀವ ಕಳೆದುಕೊಳ್ಳಲು ಪ್ರಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರು ಅಂತಲೇ ಪರಿಗಣಿಸಬೇಕು. ಪೊಲೀಸ್ ಕೇಸ್ ಆಗುತ್ತದೆ ಅಂತ ಹೆದರಿ ಆಸ್ಪತ್ರೆಗೆ ಹೋಗದೇ ಇರಬೇಡಿ.

ದುಡ್ಡು, ಕೆಲಸ ಮತ್ತು ನೋಡಿಕೊಳ್ಳುವವರು

"ಭಾರ" ಅನ್ನುವ ಮಾತಿನ ಹಿಂದೆ ಎಷ್ಟೋ ಸಲ ಇರುವುದು ದುಡ್ಡಿನ ಚಿಂತೆ. ಅದೇ 2017ರ ಕಾಯ್ದೆಯ ಪ್ರಕಾರ ವಿಮಾ ಕಂಪನಿಗಳು ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಯ ಹಾಗೇ ರಕ್ಷಣೆ ಕೊಡಬೇಕು. ಸರ್ಕಾರಿ ಸಂಸ್ಥೆಯಲ್ಲಿ ಕೆಲಸದಲ್ಲಿದ್ದಾಗ ಅಂಗವಿಕಲತೆ ಬಂದರೆ, 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಂತೆ ಕೆಲಸದಿಂದ ತೆಗೆಯುವ ಹಾಗಿಲ್ಲ. ಅದೇ ಸಂಬಳದ ಬೇರೆ ಹುದ್ದೆಗೆ ಹಾಕಬಹುದು. ಇಎಸ್‌ಐ ಇದ್ದವರು ದೀರ್ಘಕಾಲದ ಕಾಯಿಲೆಯ ಭತ್ಯೆ ಸಿಗುತ್ತದಾ ಅಂತ ವಿಚಾರಿಸಿ. ಇದನ್ನೆಲ್ಲ ತಿಳಿದುಕೊಂಡು ಬಂದು ರೋಗಿಗೂ ಹೇಳಿ. ಅವರಿಂದ ಮುಚ್ಚಿಟ್ಟಷ್ಟೂ ಅವರ ಚಿಂತೆ ಬೆಳೆಯುತ್ತದೆ.

ನೋಡಿಕೊಳ್ಳುವವರಿಗೂ ಖಿನ್ನತೆ ಬರುತ್ತದೆ. ಹೆಚ್ಚಿನ ಮನೆಗಳಲ್ಲಿ ಹೆಂಡತಿಯೋ ಸೊಸೆಯೋ ಒಬ್ಬರೇ ಎಲ್ಲ ಹೊತ್ತಿರುತ್ತಾರೆ. ಬೇರೆ ಊರಲ್ಲಿರುವ ಮಕ್ಕಳು ದಿನಾ ಫೋನಿನಲ್ಲಿ ಸಲಹೆ ಕೊಡುವ ಬದಲು ತಿಂಗಳಿಗೆ ಕೆಲವು ದಿನ ಬಂದು ರಾತ್ರಿ ಪಾಳಿ ಮಾಡಲಿ, ಆಗದಿದ್ದರೆ ಹೋಂ ನರ್ಸ್ ಖರ್ಚು ಕೊಡಲಿ. ನಿಮಗೂ ನಿದ್ದೆ, ಹಸಿವು ಕೆಟ್ಟು ಎರಡು ವಾರವಾಗಿದ್ದರೆ ನಿಮ್ಮ ಹೆಸರಿನಲ್ಲೂ ಒಂದು ಚೀಟಿ ಮಾಡಿಸಿ.

ವಾಸಿಯಾದ ಮೇಲೆ

ನಗು ಬಂತು, ಊಟ ಸೇರುತ್ತಿದೆ ಅಂತ ಮಾತ್ರೆ ನಿಲ್ಲಿಸಬೇಡಿ. ಸರಿಹೋದ ಮೇಲೂ ಸಾಮಾನ್ಯವಾಗಿ ಕನಿಷ್ಠ ಆರು ತಿಂಗಳು ಮುಂದುವರಿಸಿ, ಆಮೇಲೆ ಡಾಕ್ಟರೇ ನಿಧಾನವಾಗಿ ಇಳಿಸುತ್ತಾರೆ. ಖಿನ್ನತೆ ಮರುಕಳಿಸಲು ಕೆಲವು ಹೊತ್ತು ಹೆಚ್ಚು ಅನುಕೂಲ: ಫಿಸಿಯೋಥೆರಪಿ ನಿಂತಾಗ, "ಇನ್ನು ಇಷ್ಟೇ ಸುಧಾರಣೆ" ಅಂತ ಯಾರಾದರೂ ಹೇಳಿದಾಗ, ರಜೆ ಮುಗಿಸಿ ಮಗಳು ವಾಪಸ್ ಹೋದಾಗ, ಕೆಲಸಕ್ಕೆ ಮರಳಿ ಮೊದಲಿನ ವೇಗ ಬರದಿದ್ದಾಗ. ಇಂಥ ದಿನಗಳು ಮೊದಲೇ ಗೊತ್ತಿರುತ್ತವೆ. ಡಾಕ್ಟರ ಮುಂದಿನ ಭೇಟಿ ಅಂಥ ದಿನ ಆಗಿ ಎರಡು ವಾರಕ್ಕೇ ಬರುವ ಹಾಗೆ ದಿನಾಂಕ ಕೇಳಿ ಬರೆಸಿಕೊಳ್ಳಿ.